ಮನೆ ಸುತ್ತ ಕಣಜ: ಕಂಡ ಲಕ್ಷಣದಿಂದ ಗೂಡಿನವರೆಗೆ

ಮಳೆ ಹಿಂದೆ ಸರಿದು ಕಾಫಿ ಕೊಯ್ಲಿಗೆ ಆಳುಗಳನ್ನು ಹೊಂದಿಸುವ ಹೊತ್ತಿಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಮನೆಗಳಲ್ಲಿ ಕಣಜದ ಮಾತು ಶುರುವಾಗುತ್ತದೆ. ಸೂರಿನ ಕೆಳಗೆ ಹುಳ ಸುತ್ತುತ್ತಿದೆ, ಮಕ್ಕಳು ಅಂಗಳಕ್ಕೆ ಇಳಿಯಲು ಹೆದರುತ್ತಿದ್ದಾರೆ, ಏನು ಮಾಡುವುದು? ಹೆಚ್ಚಿನವರ ಕೈ ಮೊದಲು ಹೋಗುವುದು ಕೀಟನಾಶಕದ ಡಬ್ಬಿಗೆ, ಇಲ್ಲವೇ ಸೀಮೆಎಣ್ಣೆ ಸುತ್ತಿದ ಪಂಜಿಗೆ. ದಯವಿಟ್ಟು ಎರಡನ್ನೂ ಪಕ್ಕಕ್ಕಿಡಿ. ಮನೆಯ ಸುತ್ತ ಕಾಣುವ ಕಣಜಗಳಲ್ಲಿ ಬಹುಪಾಲು ನಮ್ಮ ತಂಟೆಗೆ ಬರುವುದಿಲ್ಲ. ಪ್ರಾಣಕ್ಕೆ ಕುತ್ತು ತರುವಂಥವು ಕೆಲವೇ, ಮತ್ತು ಅವುಗಳ ಗೂಡು ಬಹಳ ಸಲ ಕಣ್ಣಿಗೆ ಬೀಳುವುದೇ ಇಲ್ಲ. ಯಾವುದು ಯಾವುದೆಂದು ತಿಳಿಯದೆ ಕೈ ಹಾಕಿದಾಗ ಅಪಾಯ ಹುಟ್ಟುತ್ತದೆ.

ಎಲ್ಲಕ್ಕಿಂತ ಮೊದಲು: ಹತ್ತು ನಿಮಿಷ ನೋಡುವುದು

ಇದಕ್ಕೆ ಖರ್ಚಿಲ್ಲ. ಬೆಳಗ್ಗೆ ಬಿಸಿಲು ಏರಿದ ಮೇಲೆ, ಹುಳಗಳ ಓಡಾಟದ ದಾರಿಗೆ ಅಡ್ಡ ಬಾರದಂತೆ, ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ಒಂದು ಪಕ್ಕಕ್ಕೆ ಕುಳಿತು ನೋಡಿ. ಎಷ್ಟು ಹುಳಗಳಿವೆ, ಎಲ್ಲಿಗೆ ಹೋಗುತ್ತಿವೆ, ಬಾಯಲ್ಲೋ ಕಾಲಲ್ಲೋ ಏನನ್ನು ಹೊತ್ತಿವೆ ಎಂಬ ಮೂರು ವಿಷಯ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಮೈಯೆಲ್ಲ ನವಿರು ರೋಮ, ಕಾಲಿನಲ್ಲಿ ಹಳದಿ ಪರಾಗದ ಉಂಡೆ ಇದ್ದರೆ ಅದು ಜೇನು. ಅದಕ್ಕೆ ಕಣಜದ ಉಪಚಾರ ಬೇಡ. ಮೈ ನುಣುಪಾಗಿ ಹೊಳೆಯುತ್ತಿದ್ದು ನಡು ತೀರ ಸಣ್ಣಗಿದ್ದರೆ ಕಣಜ. ಒಂಟಿ ಹುಳ ಹಸಿಮಣ್ಣಿನ ಉಂಡೆಯನ್ನೋ ಜೇಡವನ್ನೋ ಹೊತ್ತು ತರುತ್ತಿದ್ದರೆ ಅದು ಮಣ್ಣಿನ ಗೂಡು ಕಟ್ಟುವ ಜಾತಿ. ಹತ್ತಾರು ಹುಳಗಳು ಒಂದೇ ಜಾಗಕ್ಕೆ ಹೋಗಿ ಬರುತ್ತಿದ್ದರೆ ಅದು ಗುಂಪಾಗಿ ಬದುಕುವ ಕಣಜ. ಗುಂಪಿನ ಕಣಜ ಗೂಡನ್ನು ಕಾಯುತ್ತದೆ, ಒಂಟಿ ಕಣಜ ಕಾಯುವುದಿಲ್ಲ. ಮುಂದಿನ ತೀರ್ಮಾನಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಲಕ್ಷಣ: ಗೋಡೆಯಲ್ಲಿ, ಬೀಗದ ತೂತಿನಲ್ಲಿ, ಪ್ಲಗ್ ಸಾಕೆಟ್ಟಿನಲ್ಲಿ ಮಣ್ಣು

ಕುಂಬಾರ ಹುಳದ ಕೆಲಸ. ನಮ್ಮಲ್ಲಿ ಮಳೆಗೆ ಮಣ್ಣು ಕರಗುತ್ತದೆಯಾದ್ದರಿಂದ ಅದು ನೀರು ಬೀಳದ ಜಾಗವನ್ನೇ ಹುಡುಕಿ ಜಗಲಿ, ಅಟ್ಟ, ದೇವರ ಪಟದ ಹಿಂಬದಿಗೆ ಬರುತ್ತದೆ. ಪ್ರತಿ ಕೋಣೆಯಲ್ಲಿ ಒಂದು ಮೊಟ್ಟೆ ಇಟ್ಟು, ಮರಿಗೆ ಆಹಾರವಾಗಿ ಚುಚ್ಚಿ ನಿಶ್ಚೇಷ್ಟಗೊಳಿಸಿದ ಜೇಡಗಳನ್ನೋ ಕಂಬಳಿಹುಳುಗಳನ್ನೋ ತುಂಬಿ ಬಾಯಿ ಮುಚ್ಚುತ್ತದೆ. ಕೈಯಲ್ಲಿ ಹಿಡಿದು ಹಿಸುಕದ ಹೊರತು ಇದು ಕುಟುಕುವುದು ಅಪರೂಪ.

ಮಣ್ಣಿನ ಮೇಲೆ ದುಂಡನೆಯ ತೂತು ಕಂಡರೆ ಮರಿ ಬೆಳೆದು ಹಾರಿಹೋಗಿದೆ, ಗೂಡು ಖಾಲಿ. ಕರಣೆಯಿಂದ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ತೂತಿಲ್ಲದಿದ್ದರೆ ಒಳಗೆ ಮರಿ ಇದೆ. ತೊಂದರೆಯಿಲ್ಲದ ಜಾಗವಾದರೆ ಬಿಟ್ಟುಬಿಡಿ.

ನಿಜವಾದ ತೊಂದರೆ ಬರುವುದು ಕೊಳವೆಗಳಲ್ಲಿ ಮತ್ತು ವಿದ್ಯುತ್ತಿನಲ್ಲಿ. ಸಾಕೆಟ್ಟಿನ ತೂತಿನಲ್ಲಿ ಮಣ್ಣು ಕಂಡರೆ ಮೇನ್ ಸ್ವಿಚ್ ಆರಿಸದೆ ಕಡ್ಡಿ ಹಾಕಬೇಡಿ. ಮೀಟರ್ ಪೆಟ್ಟಿಗೆಯೊಳಗಾದರೆ ಮೇನ್ ಆರಿಸಿದರೂ ಬರುವ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಹಾಸನದವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ಸಿಬ್ಬಂದಿಯನ್ನೇ ಕರೆಸಬೇಕು. ಬಹಳ ಕಾಲ ಬಳಸದ ಗ್ಯಾಸ್ ಒಲೆ ಅಥವಾ ಗೀಸರ್ ಹಚ್ಚಿದಾಗ ನೀಲಿ ಉರಿಯ ಬದಲು ಹಳದಿ ಉರಿ, ಮಸಿ ಕಂಡರೆ ಗಾಳಿಯ ದಾರಿ ಕಟ್ಟಿಕೊಂಡಿದೆ ಎಂದರ್ಥ. ಕಾರಣ ಮಣ್ಣಿನ ಗೂಡೂ ಇರಬಹುದು. ಕೂಡಲೇ ಆರಿಸಿ, ಕಿಟಕಿ ತೆರೆದು, ಮೆಕ್ಯಾನಿಕ್ಕಿಗೆ ಹೇಳಿ. ಬಳಸದ ಸಾಕೆಟ್ಟಿಗೆ ಪ್ಲಾಸ್ಟಿಕ್ ಮುಚ್ಚಳ, ಟ್ಯಾಂಕಿನ ಹೊರಹರಿವಿನ ಪೈಪಿಗೆ ಸೊಳ್ಳೆಪರದೆಯ ತುಂಡು ಹಾಕಿದರೆ ಇದು ಮರುಕಳಿಸದು.

ಲಕ್ಷಣ: ತೊಲೆಯ ಕೆಳಗೆ ಮರದ ಪುಡಿ, ಗುಂಯ್ ಎನ್ನುವ ದಪ್ಪ ಕಪ್ಪು ಹುಳ

ಇದು ಕಣಜವಲ್ಲ, ಮರ ಕೊರೆಯುವ ದುಂಬಿ. ಸುಮಾರು ಒಂದು ಸೆಂಟಿಮೀಟರ್ ಅಗಲದ ನುಣುಪಾದ ದುಂಡು ತೂತು ಅದರ ಗುರುತು. ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಹಿಡಿದರೆ ಮಾತ್ರ ಕುಟುಕುತ್ತದೆ. ಹುಳ ಬಿಟ್ಟುಹೋದ ತೂತಿಗೆ ಮರದ ಬೆಣೆ ಬಡಿದು, ತೊಲೆಗೆ ಬಣ್ಣ ಅಥವಾ ವಾರ್ನಿಷ್ ಬಳಿಯಿರಿ. ಹಳೆಯ ಹೆಂಚಿನ ಮನೆಯಲ್ಲಿ ವರ್ಷವೂ ಅದೇ ತೊಲೆಯಲ್ಲಿ ತೂತು ಹೆಚ್ಚುತ್ತಿದ್ದರೆ ಬಡಗಿಯೊಬ್ಬರಿಗೆ ತೋರಿಸುವುದು ಒಳ್ಳೆಯದು.

ಲಕ್ಷಣ: ಕಿಟಕಿಯ ಮೂಲೆಯಲ್ಲಿ, ಸೂರಿನಡಿಯಲ್ಲಿ ತೆರೆದ ಕಾಗದದ ಗೂಡು

ಸಣ್ಣ ತೊಟ್ಟಿನಿಂದ ಜೋತುಬಿದ್ದ ಬೂದು ಬಣ್ಣದ ಗೂಡು, ಆರು ಮೂಲೆಯ ಕೋಣೆಗಳು ಕಣ್ಣಿಗೆ ಕಾಣುತ್ತವೆ, ಸುತ್ತ ಹೊದಿಕೆಯಿಲ್ಲ. ಮೇಲೆ ಕಂದುಗೆಂಪು ಬಣ್ಣದ ತೆಳ್ಳನೆಯ ಕಣಜಗಳು. ಬಾಗಿಲ ಚೌಕಟ್ಟು, ಬಚ್ಚಲುಮನೆಯ ಗಾಳಿಕಿಂಡಿ, ಹಳೆಯ ಸೈಕಲ್ಲಿನ ಸೀಟಿನಡಿ, ಎಲ್ಲ ಕಡೆ ಕಾಣುವ ಗೂಡು ಇದೇ.

ನಮ್ಮ ಕಡೆ ಸಾಮಾನ್ಯವಾದ ಇಂಥ ಕಣಜಗಳಲ್ಲಿ ಒಂದು ರೋಪಲಿಡಿಯಾ ಮಾರ್ಜಿನೇಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ್ದಾರೆ. ಆ ಅಧ್ಯಯನದಿಂದ ಮನೆಯವರಿಗೆ ಉಪಯೋಗಕ್ಕೆ ಬರುವ ಎರಡು ಸಂಗತಿಗಳಿವೆ. ಈ ಗೂಡಿನ ರಾಣಿ ಜಗಳಗಂಟಿಯಲ್ಲ, ಸಾಧು. ಅದನ್ನು ತೆಗೆದುಹಾಕಿದರೆ ಕೆಲಸಗಾರ ಕಣಜಗಳಲ್ಲೇ ಒಂದು ತಕ್ಷಣ ಉಗ್ರವಾಗಿ ವರ್ತಿಸತೊಡಗಿ, ಕೆಲವೇ ದಿನಗಳಲ್ಲಿ ಹೊಸ ರಾಣಿಯಾಗುತ್ತದೆ. ಅಂದರೆ ರಾಣಿಯನ್ನು ಕೊಂದರೆ ಗೂಡು ತಾನಾಗಿ ಅಳಿಯುತ್ತದೆ ಎಂದು ಒಂದೊಂದೇ ಹುಳವನ್ನು ಹೊಡೆಯುತ್ತಾ ಕೂರುವುದು ವ್ಯರ್ಥ. ಎರಡನೆಯದು, ದಕ್ಷಿಣ ಭಾರತದಲ್ಲಿ ಇವು ವರ್ಷದ ಯಾವ ಕಾಲದಲ್ಲೂ ಗೂಡು ಕಟ್ಟುತ್ತವೆ, ವರ್ಷವಿಡೀ ಬದುಕುತ್ತವೆ. ಚಳಿಗಾಲ ಬರುವವರೆಗೆ ಕಾಯಿರಿ, ತಾವಾಗಿ ಸಾಯುತ್ತವೆ ಎಂಬ ಸಲಹೆ ಹಿಮ ಬೀಳುವ ದೇಶಗಳದ್ದು. ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ ಇವು ಸಾಯುವುದಿಲ್ಲ.

ತೆಗೆಯಬೇಕೇ? ನನ್ನ ಅಭಿಪ್ರಾಯದಲ್ಲಿ ಜನರ ತಲೆಗಿಂತ ಸಾಕಷ್ಟು ಎತ್ತರದಲ್ಲಿ, ಓಡಾಟದ ದಾರಿಯಿಂದ ದೂರದಲ್ಲಿದ್ದರೆ ಬೇಡ. ಹಿತ್ತಲಿನ ಕೋಸು, ಅವರೆ ಗಿಡಗಳ ಕಂಬಳಿಹುಳುಗಳನ್ನು ದಿನವಿಡೀ ಹೊತ್ತೊಯ್ಯುವ ಜೀವ ಅದು. ಬಟ್ಟೆ ಒಣಹಾಕುವ ತಂತಿಯ ಹತ್ತಿರ, ಮಕ್ಕಳ ಉಯ್ಯಾಲೆಯ ಮೇಲೆ, ದಿನವೂ ತೆರೆದು ಮುಚ್ಚುವ ಬಾಗಿಲಿನಲ್ಲಿ ಇದ್ದರೆ ತೆಗೆಯಲೇಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಹುಳ ಕುಟುಕಿ ಉಸಿರುಗಟ್ಟಿದ ಅನುಭವವಿದ್ದರೆ ಎತ್ತರದ ಲೆಕ್ಕವೂ ಬೇಡ, ತೆಗೆಸಿ.

ನೀವೇ ತೆಗೆಯಬಹುದಾದದ್ದು ಅಂಗೈಗಿಂತ ಚಿಕ್ಕದಾದ, ಬೆರಳೆಣಿಕೆಯ ಹುಳಗಳಿರುವ, ನೆಲದ ಮೇಲೆ ನಿಂತೇ ಎಟುಕುವ ಗೂಡನ್ನು ಮಾತ್ರ. ಏಣಿ ಹತ್ತಬೇಕಾದರೆ ಅದು ನಿಮ್ಮ ಕೆಲಸವಲ್ಲ. ಕುಟುಕಿದ ನೋವಿಗೆ ಕೈ ಬಿಟ್ಟು ಬಿದ್ದರೆ ಆಗುವ ಪೆಟ್ಟು ವಿಷಕ್ಕಿಂತ ಕೆಟ್ಟದ್ದು.

ಕತ್ತಲಾದ ಮೇಲೆ, ಹುಳಗಳೆಲ್ಲ ಗೂಡು ಸೇರಿದ ಹೊತ್ತು ಸರಿ. ದಪ್ಪ ಬಟ್ಟೆಯ ತುಂಬುತೋಳಿನ ಅಂಗಿಯ ಮೇಲೆ ಜರ್ಕಿನ್, ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ಕೈಗವಸು, ತಲೆ ಮತ್ತು ಮುಖಕ್ಕೆ ಸೊಳ್ಳೆಪರದೆ ಇಳಿಬಿಟ್ಟ ಅಗಲ ಅಂಚಿನ ಟೋಪಿ. ಟಾರ್ಚನ್ನು ಕೈಯಲ್ಲಿ ಹಿಡಿಯಬೇಡಿ. ಎದ್ದ ಹುಳ ಬೆಳಕಿನತ್ತ ಬರುತ್ತದೆ. ಅದನ್ನು ಪಕ್ಕದಲ್ಲಿ ದೂರಕ್ಕಿಟ್ಟು ಗಾಜಿಗೆ ಬೆಳಕು ಹಾಯುವ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿ, ಕೆಂಪು ಬೆಳಕು ಅವುಗಳಿಗೆ ಸರಿಯಾಗಿ ಕಾಣುವುದಿಲ್ಲ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಕಲಸಿ, ಕೈಪಂಪಿನಲ್ಲಿ ಗೂಡು ಪೂರ್ತಿ ತೋಯುವಂತೆ ಹೊಡೆಯಿರಿ. ಸೋಪಿನ ನೀರು ಹುಳದ ಮೈಮೇಲಿನ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಹುಳಗಳು ಉದುರಿದ ಮೇಲೆ ಗೂಡನ್ನು ಕೋಲಿನಿಂದ ಸೋಪುನೀರಿನ ಬಕೆಟ್ಟಿಗೆ ಕೆಡವಿ, ತೊಟ್ಟು ಅಂಟಿದ್ದ ಜಾಗವನ್ನು ಉಜ್ಜಿ ತೊಳೆಯಿರಿ. ವಿದ್ಯುತ್ ತಂತಿ, ಬಲ್ಬಿನ ಹೋಲ್ಡರ್ ಹತ್ತಿರ ಈ ವಿಧಾನ ಬೇಡ.

ಅಂಗಡಿಯ ಡಬ್ಬಿಯ ಕೀಟನಾಶಕವನ್ನೇ ಬಳಸುವುದಾದರೆ ಒಲೆ, ದೀಪ, ಊದುಬತ್ತಿ ಎಲ್ಲ ಆರಿರಬೇಕು. ಆ ಡಬ್ಬಿಯ ಅನಿಲ ಹೊತ್ತಿಕೊಳ್ಳುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿರುವ ಪೈರಿಥ್ರಾಯ್ಡ್ ವರ್ಗದ ವಿಷ ಮೀನಿಗೂ ಬೆಕ್ಕಿಗೂ ಜೇನಿಗೂ ಮಾರಕ. ತೋಟಕ್ಕೆ ತಂದು ಉಳಿದ ಕೀಟನಾಶಕವನ್ನಂತೂ ಮನೆಯ ಗೋಡೆಗೆ ಎಂದಿಗೂ ಹೊಡೆಯಬೇಡಿ.

ಲಕ್ಷಣ: ಒಂದೇ ಸಂದಿಗೆ ಸಾಲಾಗಿ ಹೋಗಿ ಬರುತ್ತಿವೆ, ಗೂಡು ಕಾಣುತ್ತಿಲ್ಲ

ಇಲ್ಲಿಂದ ಮುಂದೆ ಎಚ್ಚರ ಬೇರೆ ಮಟ್ಟದ್ದು. ಹೆಂಚಿನ ಸಂದಿ, ಗೋಡೆಯ ಬಿರುಕು, ಫಾಲ್ಸ್ ಸೀಲಿಂಗಿನ ತೂತು, ಕಟ್ಟಿಗೆ ರಾಶಿಯ ಅಡಿ, ಹಳೆಯ ಹುತ್ತ, ಯಾವುದಾದರೂ ಒಂದು ದಾರಿಯಲ್ಲಿ ನಿಮಿಷಕ್ಕೆ ಹಲವು ಹುಳಗಳು ಓಡಾಡುತ್ತಿದ್ದರೆ ಒಳಗೆ ಗುಂಪಿನ ಗೂಡು ಇದೆ. ಹುಳ ಎರಡರಿಂದ ಮೂರು ಸೆಂಟಿಮೀಟರ್ ಉದ್ದ, ಕಪ್ಪು ಮೈ, ಹೊಟ್ಟೆಯ ಮುಂಭಾಗದಲ್ಲಿ ಅಗಲವಾದ ಒಂದೇ ಹಳದಿ ಅಥವಾ ಕಿತ್ತಳೆ ಪಟ್ಟೆ ಇದ್ದರೆ ಅದು ದೊಡ್ಡ ಪಟ್ಟೆ ಕಣಜ. ವೆಸ್ಪಾ ಟ್ರಾಪಿಕಾ ಮತ್ತು ವೆಸ್ಪಾ ಅಫಿನಿಸ್ ಎರಡಕ್ಕೂ ಈ ಬಗೆಯ ಪಟ್ಟೆ ಇದೆ. ಮೊದಲನೆಯದು ಪೊಟರೆ, ಸಂದಿಗಳನ್ನು ಇಷ್ಟಪಡುತ್ತದೆ, ಎರಡನೆಯದು ಹೆಚ್ಚಾಗಿ ಗಿಡಮರಗಳಲ್ಲಿ ಕಟ್ಟುತ್ತದೆ. ವೆಸ್ಪಾ ಟ್ರಾಪಿಕಾ ಮೇಲೆ ಹೇಳಿದ ತೆರೆದ ಗೂಡುಗಳಿಗೆ ನುಗ್ಗಿ ಮರಿಗಳನ್ನು ಹೊತ್ತೊಯ್ಯುತ್ತದೆ. ಕಿಟಕಿಯ ಸಣ್ಣ ಗೂಡು ಇದ್ದಕ್ಕಿದ್ದಂತೆ ಬರಿದಾಗಿ, ಅಲ್ಲಿ ದೊಡ್ಡ ಹುಳ ಸುಳಿದಾಡುತ್ತಿದ್ದರೆ ಹತ್ತಿರದಲ್ಲೆಲ್ಲೋ ಇದರ ಗೂಡಿದೆ ಎಂದು ಅನುಮಾನಿಸಿ.

ದಾರಿ ಯಾವುದೆಂದು ದೂರದಿಂದ ಗುರುತಿಸಿಕೊಳ್ಳಿ, ಮೊಬೈಲಿನಲ್ಲಿ ಜೂಮ್ ಮಾಡಿ ಚಿತ್ರ ತೆಗೆಯಿರಿ. ನಿಮ್ಮ ಪಾಲಿನ ಕೆಲಸ ಅಲ್ಲಿಗೆ ನಿಲ್ಲಬೇಕು.

ಸಂದಿಯನ್ನು ಸಿಮೆಂಟಿನಿಂದ ಮುಚ್ಚುವುದು ಅತಿ ದೊಡ್ಡ ತಪ್ಪು. ಜೀವಂತ ಗೂಡಿನ ಬಾಯಿ ಕಟ್ಟಿದರೆ ಹುಳಗಳು ಬೇರೆ ದಾರಿ ಹುಡುಕುತ್ತವೆ, ಮರ ಕಡಿದು ನಾರು ಮಾಡುವ ದವಡೆ ಅವುಗಳದ್ದು, ಸೀಲಿಂಗ್ ಕಡಿದು ಮಲಗುವ ಕೋಣೆಗೇ ಇಳಿಯಬಹುದು. ಕೋಲಿನಿಂದ ಬಡಿಯಬೇಡಿ. ಹತ್ತಿರದಲ್ಲಿ ಡ್ರಿಲ್, ಕಳೆ ಕೊಚ್ಚುವ ಯಂತ್ರ ಓಡಿಸಬೇಡಿ. ಅದುರುವಿಕೆ ಅವುಗಳಿಗೆ ದಾಳಿಯ ಸೂಚನೆ. ಒಂದು ಹುಳವನ್ನು ಗೂಡಿನ ಬಳಿ ಹೊಸಕಿದರೆ ಅದರಿಂದ ಹೊರಡುವ ಎಚ್ಚರಿಕೆಯ ವಾಸನೆ ಉಳಿದವನ್ನು ಎಬ್ಬಿಸುತ್ತದೆ. ಕಣಜದ ಕೊಂಡಿ ಜೇನಿನದರಂತೆ ಚರ್ಮದಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಒಂದೇ ಹುಳ ಹಲವು ಬಾರಿ ಕುಟುಕುತ್ತದೆ.

ಪಂಜಿನ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಅದು ನಮ್ಮ ಊರುಗಳಲ್ಲಿ ಇನ್ನೂ ನಡೆಯುತ್ತಿದೆ. ಬೆಂಕಿ ಗೂಡಿನ ಹೊರಪದರವನ್ನು ಸುಡುತ್ತದೆ, ಒಳಗಿನ ತಟ್ಟೆಗಳಲ್ಲಿರುವ ಹುಳಗಳು ಎದ್ದು ಪಂಜು ಹಿಡಿದವನ ಮೇಲೆಯೇ ಬೀಳುತ್ತವೆ. ಆತ ಪಂಜು ಬಿಸಾಡಿ ಓಡುತ್ತಾನೆ. ಆ ಪಂಜು ಬೀಳುವುದು ಒಣ ತರಗೆಲೆಯ ಮೇಲೆ, ಇಲ್ಲವೇ ಹೆಂಚಿನಡಿಯ ಹಳೆಯ ಮರದ ಮೇಲೆ. ಸಂದಿಗೆ ಪೆಟ್ರೋಲ್ ಸುರಿಯುವುದೂ ಇದೇ ಬಗೆಯ ಅನಾಹುತ.

ಜಿಲ್ಲಾ ಕೇಂದ್ರಗಳಲ್ಲಿ ಕೀಟ ನಿಯಂತ್ರಣದ ಕೆಲಸ ಮಾಡುವವರು ಸಿಗುತ್ತಾರೆ. ಒಪ್ಪಿಸುವ ಮೊದಲು ಮೂರು ಮಾತು ಕೇಳಿ: ಮೈ ತುಂಬ ಮುಚ್ಚುವ ಕವಚ ಇದೆಯೇ, ಯಾವ ಔಷಧ ಬಳಸುತ್ತೀರಿ, ಹುಳ ಸತ್ತ ಮೇಲೆ ಗೂಡನ್ನು ತೆಗೆದು ಸಂದಿ ಮುಚ್ಚಿಕೊಡುತ್ತೀರಾ. ಬೆಂಕಿ ಹಾಕುತ್ತೇವೆ ಎಂದವರನ್ನು ಮರಳಿ ಕಳಿಸಿ. ಆ ರಾತ್ರಿ ಮಕ್ಕಳು, ವಯಸ್ಸಾದವರು, ನಾಯಿ, ದನಗಳನ್ನು ಅಲ್ಲಿಂದ ದೂರವಿಡಿ.

ಲಕ್ಷಣ: ಮರದಲ್ಲಿ, ಕಾಫಿ ಗಿಡದಲ್ಲಿ ಗಡಿಗೆಯಾಕಾರದ ಗೂಡು

ಹೊರಗೆ ಕಂದು ಬೂದು ಪಟ್ಟೆಯ ಕಾಗದದ ಹೊದಿಕೆ, ಒಂದೇ ಒಂದು ಬಾಯಿ. ಇದನ್ನು ಕಂಡವರು ನಿಲ್ಲಬೇಕು, ಹಿಂದೆ ಸರಿಯಬೇಕು, ಉಳಿದವರಿಗೆ ಹೇಳಬೇಕು. ತೋಟದಲ್ಲಿ ಅಪಾಯ ಹೆಚ್ಚುವುದು ಕೊಯ್ಲಿನವರು ಗಿಡ ಬಗ್ಗಿಸಿದಾಗ, ಮರಗಸಿ ಮಾಡುವವರು ಕೊಂಬೆ ಕಡಿದಾಗ, ಮೆಣಸು ಕೊಯ್ಯುವವರು ಸಿಲ್ವರ್ ಓಕಿಗೆ ಏಣಿ ಚಾಚಿದಾಗ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ತೆಂಗಿನ ಸುಳಿಯನ್ನು ಕೆಳಗಿನಿಂದಲೇ ಒಮ್ಮೆ ನೋಡದೆ ಮರ ಹತ್ತಬಾರದು. ಕೆಲಸ ಶುರುವಾಗುವ ಹಿಂದಿನ ದಿನ ಮೇಸ್ತ್ರಿ ತೋಟದ ಆ ಭಾಗದಲ್ಲಿ ಒಂದು ಸುತ್ತು ಬಂದು, ಗೂಡಿರುವ ಮರದಿಂದ ಸಾಕಷ್ಟು ದೂರದಲ್ಲಿ ಕೆಂಪು ಬಟ್ಟೆ ಕಟ್ಟಿಸಲಿ. ಕೂಲಿಗೆ ಬಂದವರ ಜೀವದ ಹೊಣೆ ಮಾಲೀಕರದು. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಗೂಡಿನ ಜಾಗ ತೋರಿಸಿಯೇ ತೋಟಕ್ಕೆ ಬಿಡಬೇಕು, ಪೇಟೆಯ ಮಕ್ಕಳಿಗೆ ಅದು ಕಲ್ಲೆಸೆಯುವ ಗುರಿಯಾಗಿ ಕಾಣುತ್ತದೆ.

ಮನೆಯಿಂದ ದೂರ, ಯಾರೂ ಓಡಾಡದ ಮರವಾದರೆ ಗೂಡನ್ನು ಬಿಟ್ಟುಬಿಡುವುದೇ ಸರಿ. ಕಾಫಿ ಕಾಯಿಕೊರಕವನ್ನು ಹತೋಟಿಗೆ ತರಲು ತೋಟಗಳಿಗೆ ಬಿಡುವ ಪುಟ್ಟ ಪರಾವಲಂಬಿ ಹುಳಗಳೂ ಕಣಜಗಳ ಬಳಗಕ್ಕೇ ಸೇರಿದವು. ಈ ಬಳಗವನ್ನೇ ಶತ್ರು ಎಂದುಕೊಂಡರೆ ನಷ್ಟ ನಮ್ಮದೇ. ಶಾಲೆ, ಅಂಗನವಾಡಿ, ಬಸ್ ನಿಲ್ದಾಣದ ಹತ್ತಿರವಿದ್ದರೆ ಗ್ರಾಮ ಪಂಚಾಯಿತಿಗೋ ನಗರಸಭೆಗೋ ತಿಳಿಸಿ. ಗೂಡು ಕೆದಕಿದ್ದರಿಂದ ಹುಳಗಳು ಜನರ ಮೇಲೆ ದಾಳಿ ನಡೆಸುತ್ತಿದ್ದರೆ 112ಕ್ಕೆ ಕರೆ ಮಾಡಿ.

ಟ್ಯಾಂಕಿನ ಕೆಳಗೆ ಅಥವಾ ಎತ್ತರದ ಕೊಂಬೆಯಲ್ಲಿ ಹೊದಿಕೆಯಿಲ್ಲದೆ ಜೋತುಬಿದ್ದ ಒಂದೇ ದೊಡ್ಡ ಹಲ್ಲೆ (ಮೇಣದ ತಟ್ಟೆ), ಮೇಲ್ಮೈಯಲ್ಲಿ ಅಲೆ ಓಡಿದಂತೆ ಕಂಡರೆ ಅದು ಹೆಜ್ಜೇನು. ಋತುವಿಗೆ ತಕ್ಕಂತೆ ಬಂದು ತಾನಾಗಿ ಹೋಗುತ್ತದೆ. ಕೆಳಗೆ ಹೊಗೆ ಹಾಕಬೇಡಿ, ಸಾಧ್ಯವಾದರೆ ಹೋಗುವವರೆಗೆ ಬಿಡಿ, ಆಗದಿದ್ದರೆ ಜೇನು ಬಲ್ಲವರನ್ನು ಕರೆಯಿರಿ.

ಲಕ್ಷಣ: ಜೇನುಪೆಟ್ಟಿಗೆಯ ಮುಂದೆ ದೊಡ್ಡ ಕಣಜ ಹೊಂಚು ಹಾಕಿದೆ

ತುಡುವೆ ಜೇನುಗಳಿಗೆ ತಮ್ಮದೇ ರಕ್ಷಣೆಯಿದೆ. ಕಣಜವನ್ನು ಮುತ್ತಿ ಉಂಡೆಗಟ್ಟಿ ಮೈಯ ಬಿಸಿಯಿಂದಲೇ ಕೊಲ್ಲುತ್ತವೆ, ಆ ಉಂಡೆಯೊಳಗಿನ ಬಿಸಿ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದುರ್ಬಲ ಕುಟುಂಬಕ್ಕೆ ಇದು ಸಾಧ್ಯವಾಗದು. ಪೆಟ್ಟಿಗೆಯ ಬಾಗಿಲನ್ನು ಜೇನು ಮಾತ್ರ ನುಸುಳುವಷ್ಟು ಕಿರಿದು ಮಾಡಿ, ಸತ್ತ ಜೇನು, ಒಡೆದ ಹಲ್ಲೆಯ ತುಂಡುಗಳನ್ನು ಕೆಳಗಿನಿಂದ ಗುಡಿಸಿ. ಪೆಟ್ಟಿಗೆಯ ಸುತ್ತ ವಿಷ ಬೇಡವೇ ಬೇಡ. ಹೂಮಳೆ ಬಿದ್ದು ಕಾಫಿ ಅರಳಿದ ದಿನಗಳಲ್ಲಿ ಮನೆಯ ಸುತ್ತಲೂ ಬೇಡ, ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅದನ್ನು ತರುವವರಲ್ಲಿ ಜೇನು ಮುಖ್ಯ.

ಲಕ್ಷಣ: ಕುಟುಕಿಯೇಬಿಟ್ಟಿದೆ

ಮೊದಲು ಅಲ್ಲಿಂದ ಓಡಿ, ಮನೆಯೊಳಗೋ ವಾಹನದೊಳಗೋ ಸೇರಿ ಬಾಗಿಲು ಹಾಕಿ. ಕೈ ಬೀಸುತ್ತಾ ನಿಲ್ಲಬೇಡಿ, ಕೆರೆಗೆ ಹಾರಬೇಡಿ. ಬಳಿಕ ಉಂಗುರ, ಬಳೆ ತೆಗೆಯಿರಿ, ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ. ಕುಟುಕಿದ್ದು ಜೇನಾಗಿ ಮುಳ್ಳು ಉಳಿದಿದ್ದರೆ ಕೂಡಲೇ ಕಿತ್ತುಹಾಕಿ. ಸುಣ್ಣ ಹಚ್ಚುವ ರೂಢಿ ಬಿಡಬೇಕು, ಅದು ಚರ್ಮವನ್ನು ಸುಡುತ್ತದೆ. ಕುಟುಕಿದ ಜಾಗದಲ್ಲಷ್ಟೇ ಊತ, ನೋವು, ತುರಿಕೆ ಇದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆ ಊದುವುದು, ಧ್ವನಿ ಗೊಗ್ಗರಾಗುವುದು, ಉಬ್ಬಸ, ವಾಂತಿ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ನಿಮಿಷಗಳ ಲೆಕ್ಕ. 108ಕ್ಕೆ ಕರೆ ಮಾಡಿ. ಘಟ್ಟದ ತಿರುವುಗಳಲ್ಲಿ, ಮಂಜಿನಲ್ಲಿ ಆಂಬುಲೆನ್ಸ್ ತಡವಾಗುವ ಊರಾದರೆ ಸಿಕ್ಕ ವಾಹನದಲ್ಲಿ ಹೊರಟು ದಾರಿಯಲ್ಲೇ ಅದನ್ನು ಸೇರಿಕೊಳ್ಳುವ ಏರ್ಪಾಡು ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ, ನಡೆಸಬೇಡಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಅಲರ್ಜಿಯ ಮಾತ್ರೆ ಅದರ ಬದಲಿಯಲ್ಲ. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದು, ಆಸ್ಪತ್ರೆಯಲ್ಲೇ ಇರಬೇಕು.

ಬಾಯಿ, ಗಂಟಲಿಗೆ ಕುಟುಕಿದ್ದರೆ, ಇಲ್ಲವೇ ಹತ್ತಾರು ಕಡೆ ಕುಟುಕಿದ್ದರೆ, ಅಲರ್ಜಿಯ ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹೆಚ್ಚು ವಿಷ ಒಳಹೊಕ್ಕರೆ ಸ್ನಾಯು ಮತ್ತು ರಕ್ತಕಣಗಳು ಒಡೆದು ಮೂತ್ರಪಿಂಡ ಕೆಡುತ್ತದೆ. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದು ಅಥವಾ ಕಡಿಮೆಯಾಗುವುದು ಅದರ ಗುರುತು, ಅದು ಮರುದಿನವೋ ಆಮೇಲೋ ಕಾಣಿಸಬಹುದು.

ಲಕ್ಷಣ: ಗೂಡು ತೆಗೆಸಿದರೂ ಮತ್ತೆ ಬರುತ್ತಿವೆ

ಮೊದಲ ಕೆಲವು ದಿನ ಬರುವವು ಹೊರಗೆ ಹೋಗಿದ್ದ ಹುಳಗಳು. ಗೂಡು ಕಾಣದೆ ಅಲ್ಲೇ ಸುತ್ತಿ ಚದುರುತ್ತವೆ, ಏನೂ ಮಾಡಬೇಕಿಲ್ಲ. ಅದೇ ಮೂಲೆಯಲ್ಲಿ ಹೊಸ ತೊಟ್ಟು ಕಂಡರೆ ಒಂದೆರಡು ಹುಳ ಇರುವಾಗಲೇ ಮೇಲಿನ ಸೋಪುನೀರಿನ ವಿಧಾನದಿಂದ ಕೆಡವಿ. ವಾರಗಳ ನಂತರವೂ ಸಂದಿಯೊಳಗೆ ಓಡಾಟವಿದ್ದರೆ ಗೂಡು ಪೂರ್ತಿ ಸತ್ತಿಲ್ಲ, ತೆಗೆದವರನ್ನೇ ಮತ್ತೆ ಕರೆಸಿ.

ಓಡಾಟ ಪೂರ್ತಿ ನಿಂತದ್ದು ಖಚಿತವಾದ ಮೇಲೆ ಸಂದಿ ಮುಚ್ಚಿಸಿ, ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ, ಒಡೆದ ಹೆಂಚು ಬದಲಿಸಿ. ಹಲಸಿನ ತೊಳೆಯ ಸಿಪ್ಪೆ, ಮೀನಿನ ತ್ಯಾಜ್ಯ, ಬೆಲ್ಲದ ಪಾಕ ತೆರೆದು ಬಿದ್ದಿದ್ದರೆ ಜಾಲರಿಯಿದ್ದರೂ ಹುಳ ಸುಳಿಯುತ್ತವೆ, ತಿಪ್ಪೆಗುಂಡಿಯನ್ನು ಅಡುಗೆಮನೆಯಿಂದ ದೂರವಿಟ್ಟು ಮಣ್ಣು ಮುಚ್ಚಿ. ಯುಗಾದಿಯ ಆಸುಪಾಸಿನಲ್ಲಿ ಮನೆ ಸುಣ್ಣಬಣ್ಣ ಮಾಡುವಾಗ, ಮತ್ತೆ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸುವಾಗ, ಸೂರು, ಅಟ್ಟ, ಮೀಟರ್ ಪೆಟ್ಟಿಗೆ, ಕಟ್ಟಿಗೆ ಕೊಟ್ಟಿಗೆಗಳನ್ನು ಒಂದು ಸುತ್ತು ನೋಡಿಬಿಡಿ. ಆಗ ಸಿಗುವ ಗೂಡು ಸಣ್ಣದಿರುತ್ತದೆ, ಒಂದು ಲೀಟರ್ ಸೋಪುನೀರಿಗೆ ಮುಗಿಯುತ್ತದೆ.